ದಂಡಿನ ಜನರೇಟರು ಮನೆಗೆ ಬಂದರೆ

ಲಗ್ಗೆರೆಯ ವಾಚಕರೊಬ್ಬರು ಈ ಅಂಕಣಕ್ಕೆ ಬರೆದಿರುವ ಪತ್ರವನ್ನು ಮುಂದಿಟ್ಟುಕೊಂಡು ಈ ವಾರ ಕೆಲವು ಮಾತುಗಳನ್ನು ಹೇಳುವುದು ಅಗತ್ಯವೆಂದು ತೋರಿದೆ. ಅವರದು ಮೂವತ್ತು-ನಲವತ್ತರ ನಿವೇಶನದಲ್ಲಿ ಎದ್ದ ಎರಡಂತಸ್ತಿನ ಮನೆ. ಕೆಳಗೆ ಒಂದು ಲೇತು, ಒಂದು ಡ್ರಿಲ್ಲಿಂಗ್ ಯಂತ್ರವಿರುವ ಸಣ್ಣ ವರ್ಕ್‌ಷಾಪು, ಮೇಲೆ ಸಂಸಾರ. ಪೀಣ್ಯದ ಕಾರ್ಖಾನೆಗಳಿಗೆ ಬಿಡಿಭಾಗಗಳನ್ನು ಮಾಡಿಕೊಡುವುದು ಅವರ ವೃತ್ತಿ. ಕರೆಂಟು ಹೋದರೆ ಕೆಳಗೆ ಲೇತು ನಿಲ್ಲುತ್ತದೆ, ಮೇಲೆ ನೀರಿನ ಮೋಟಾರು ನಿಲ್ಲುತ್ತದೆ. ಈಗ ಗುಜರಿ ವ್ಯಾಪಾರಿಯೊಬ್ಬ ಅವರಿಗೆ ಮಿಲಿಟರಿ ಹರಾಜಿನಿಂದ ಬಂದ 15 ಕೆ.ವಿ.ಎ. ಡೀಸೆಲ್ ಜನರೇಟರನ್ನು ಹೊಸದರ ಮೂರನೆಯ ಒಂದು ಪಾಲು ಬೆಲೆಗೆ ಕೊಡುತ್ತೇನೆಂದು ಆಸೆ ಹಚ್ಚಿದ್ದಾನೆ. “ಕೊಳ್ಳಲೋ ಬಿಡಲೋ, ಒಂದು ಮಾತಿನಲ್ಲಿ ತಿಳಿಸಿರಿ” ಎಂದು ಕೇಳಿದ್ದಾರೆ. ಒಂದು ಮಾತಿನಲ್ಲಿ ಹೇಳುವಷ್ಟು ಸರಳವಾದ ಸಂಗತಿ ಇದಲ್ಲ. ಲಗ್ಗೆರೆಯಲ್ಲಿ ಮಾತ್ರವಲ್ಲ, ಪೀಣ್ಯ, ರಾಜಗೋಪಾಲನಗರ, ಕಾಮಾಕ್ಷಿಪಾಳ್ಯಗಳ ಸುತ್ತ ಇಂಥ ಮನೆಗಳು ಎಷ್ಟೋ ಇರುವುದರಿಂದ ಇದನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು.

ದಂಡಿನ ಮಾಲು ಎಂದರೆ ಬೆಂಗಳೂರಿನವರಿಗೆ ಹಿಂದಿನಿಂದಲೂ ಒಂದು ನಂಬಿಕೆ. 1809ರಲ್ಲಿ ಹಲಸೂರಿನ ಬಳಿ ದಂಡು ಬೀಡುಬಿಟ್ಟಂದಿನಿಂದ ಈ ಊರಿನ ಅರ್ಧ ಬದುಕು ಸೈನ್ಯದ ಜೊತೆ ಬೆಳೆದದ್ದು. ಎರಡನೆಯ ಮಹಾಯುದ್ಧದಲ್ಲಿ ಇಲ್ಲಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಅಮೆರಿಕದ ವಿಮಾನಗಳೂ ದುರಸ್ತಿಯಾದವು. ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಜೀಪು, ಕಂಬಳಿ, ಡೇರೆ, ರೇಡಿಯೋ ಸಾಮಾನು, ಡೈನಮೋ ಎಲ್ಲವೂ ದೇಶದಾದ್ಯಂತ “ಡಿಸ್ಪೋಸಲ್ ಮಾಲು” ಎಂಬ ಹೆಸರಿನಿಂದ ಮಾರಾಟವಾದವು. ಹಳ್ಳಿಯಿಂದ ಹಳ್ಳಿಗೆ ಡೇರೆ ಹೊತ್ತು ತಿರುಗುತ್ತಿದ್ದ ಟೂರಿಂಗ್ ಟಾಕೀಸುಗಳಿಗೆ ಸ್ವಂತ ಎಂಜಿನಿಲ್ಲದೆ ಪರದೆಯ ಮೇಲೆ ಬೆಳಕು ಬೀಳುತ್ತಿರಲಿಲ್ಲ. ನಮ್ಮ ನಾಡಿಗೆ ವಿದ್ಯುಚ್ಛಕ್ತಿ ಬಂದದ್ದರಲ್ಲಿಯೇ ಒಬ್ಬ ದಂಡಿನವನ ಕೈವಾಡವುಂಟು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶಿವನಸಮುದ್ರದ ಯೋಜನೆಯನ್ನು ರೂಪಿಸಿದ ಜೋಲಿ ಡಿ ಲಾಟ್ಬಿನಿಯೇರ್ ರಾಯಲ್ ಎಂಜಿನಿಯರ್ಸ್ ದಳದ ಅಧಿಕಾರಿ. 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು.

ಅಂದಿನಿಂದ ನಾವು ಬಲು ದೂರದಲ್ಲಿ ಹುಟ್ಟಿದ ಕರೆಂಟನ್ನು ಗುಂಡಿ ಒತ್ತಿ ಪಡೆಯುವವರಾದೆವು. ಹುಟ್ಟಿಸುವ ಯಂತ್ರ ನಮ್ಮ ಹಿತ್ತಲಲ್ಲಿಯೇ ಇದ್ದರೆ ಅದನ್ನು ಸಾಕುವ ಬಗೆ ಹೇಗೆಂದು ನಮ್ಮ ಗೃಹಸ್ಥರಿಗೆ ಕಲಿಯುವ ಸಂದರ್ಭವೇ ಬರಲಿಲ್ಲ. ಮಳೆ ಕೈಕೊಟ್ಟು ಲೋಡ್ ಶೆಡ್ಡಿಂಗ್ ಬಂದ 2023ರಂಥ ವರ್ಷಗಳಲ್ಲಿ ಮಾತ್ರ ಎಲ್ಲರಿಗೂ ಜನರೇಟರಿನ ನೆನಪಾಗುತ್ತದೆ. ಆಗ ಅವಸರ, ಅವಸರದಲ್ಲಿ ಅಗ್ಗ, ಅಗ್ಗದಲ್ಲಿ ಅಪಾಯ.

ಈಗ ಸೈನ್ಯದ ಹಳೆಯ ಮಾಲು ಹೇಗೆ ಹೊರಗೆ ಬರುತ್ತದೆಂಬುದನ್ನು ನೋಡೋಣ. ಕೇಂದ್ರ ಸರ್ಕಾರದ ಎಂ.ಎಸ್.ಟಿ.ಸಿ. ಎಂಬ ಸಂಸ್ಥೆ 1964ರಲ್ಲಿ ಸ್ಥಾಪಿತವಾಯಿತು. ಸರ್ಕಾರಿ ಇಲಾಖೆಗಳ ತ್ಯಾಜ್ಯ ಮಾಲನ್ನೂ ರಕ್ಷಣಾ ಇಲಾಖೆಯ ಮಾಲನ್ನೂ ಅದು ಕಂಪ್ಯೂಟರಿನ ಮೂಲಕ ಹರಾಜು ಹಾಕುತ್ತದೆ. ಹೆಸರು ನೋಂದಾಯಿಸಿ, ಠೇವಣಿ ಕಟ್ಟಿ, ಗೊತ್ತುಪಡಿಸಿದ ದಿನ ಹೋಗಿ ಮಾಲನ್ನು ಕಣ್ಣಾರೆ ನೋಡಿ ಕೂಗಬೇಕು. ಅಲ್ಲಿನ ಕರಾರು ಒಂದೇ: ಇದ್ದಲ್ಲಿಯೇ, ಇದ್ದ ಹಾಗೆಯೇ. ಕೊಂಡ ಮೇಲೆ ಎಂಜಿನಿನ ಒಳಗೆ ಪಿಸ್ಟನ್ನೇ ಇರಲಿಲ್ಲವೆಂದು ಗೋಳಾಡಿದರೆ ಕೇಳುವವರಿಲ್ಲ. ಅದೂ ಅಲ್ಲದೆ ಇಂಥ ಹರಾಜಿನಲ್ಲಿ ಮಾಲು ಗುಂಪುಗುಂಪಾಗಿ ಹೋಗುವುದೇ ಹೆಚ್ಚು. ಒಂದೇ ಬೇಕಾದ ಗೃಹಸ್ಥನಿಗೆ ಅಲ್ಲಿ ಕೆಲಸವಿಲ್ಲ. ಗುಂಪನ್ನು ಕೊಂಡ ವ್ಯಾಪಾರಿಯಿಂದ ಬಿಡಿಯಾಗಿ ಕೊಳ್ಳಬೇಕಾಗುತ್ತದೆ.

ಇನ್ನೊಂದು ವಿಚಾರ. ಸೈನ್ಯದವರು ಒಂದು ಯಂತ್ರವನ್ನು ಏಕೆ ಬಿಡುತ್ತಾರೆ? ನಮ್ಮಲ್ಲಿ ಬಹುಮಟ್ಟಿಗೆ ಅದರ ಆಯುಷ್ಯ ಮುಗಿದುದರಿಂದ, ಅಥವಾ ದುರಸ್ತಿಯ ಖರ್ಚು ಯಂತ್ರದ ಬೆಲೆಯನ್ನೇ ಮೀರಿತೆಂದು ನಿರ್ಧರಿಸಿದುದರಿಂದ. ಅಮೆರಿಕದಲ್ಲಿ ಸ್ಥಿತಿ ಬೇರೆ. ಅಲ್ಲಿ ಕೆಲವೇ ನೂರು ಗಂಟೆ ಓಡಿದ ಸೇನಾ ಜನರೇಟರುಗಳೂ ಹರಾಜಿಗೆ ಬರುವುದುಂಟು. 10 ಕಿಲೋವಾಟಿನ ಎಂ.ಇ.ಪಿ. 003 ಎ ಎಂಬ ನಾಲ್ಕು ಸಿಲಿಂಡರಿನ, ಗಾಳಿಯಿಂದಲೇ ತಣಿಯುವ ಎಂಜಿನನ್ನು ಅಲ್ಲಿನ ಅನೇಕರು ಮನೆಯಲ್ಲಿ ಸಾಕಿಕೊಂಡಿದ್ದಾರೆ. ಅವರ ಹೊಗಳಿಕೆಯನ್ನು ಕೇಳಿ ನಮ್ಮ ಗುಜರಿಯ ಸರಕಿಗೆ ಅದನ್ನು ಅನ್ವಯಿಸಬಾರದು. ಅಂಥದನ್ನೇ ತರಿಸಿಕೊಳ್ಳುತ್ತೇನೆಂದರೂ ಹಳೆಯ ಡೀಸೆಲ್ ಜನರೇಟರನ್ನು ವಿದೇಶದಿಂದ ತರಲು ಸರ್ಕಾರದ ವಿಶೇಷ ಪರವಾನಗಿ ಬೇಕು.

ಹಾಗಾದರೆ ವ್ಯಾಪಾರಿಯ ಅಂಗಳದಲ್ಲಿ ನಿಂತಿರುವುದು ನಿಜವಾಗಿ ಮಿಲಿಟರಿ ಮಾಲೇ? ಒಂದು ಡಬ್ಬಿ ಹಸಿರು ಬಣ್ಣ ಸಿಕ್ಕರೆ ಮದುವೆ ಛತ್ರದ ಜನರೇಟರೂ ಸೈನ್ಯಕ್ಕೆ ಸೇರಿಬಿಡಬಲ್ಲುದು! ಹರಾಜಿನಲ್ಲಿ ಕೊಂಡದ್ದಕ್ಕೆ ಮಾಲು ಬಿಡುಗಡೆಯ ಆಜ್ಞಾಪತ್ರವಿರುತ್ತದೆ. ಅದರ ಪ್ರತಿಯನ್ನು ಕೇಳಿರಿ. ತೋರಿಸಲು ಹಿಂಜರಿದರೆ ಮುಂದಿನ ಮಾತು ಬೇಡ. ಕದ್ದ ಮಾಲಾಗಿದ್ದರೆ ಕೊಂಡವನೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾದೀತು.

ಕಾಗದ ಸರಿಯಿದ್ದರೆ ಯಂತ್ರದ ಮೈಮೇಲಿನ ಹಿತ್ತಾಳೆಯ ಅಥವಾ ಅಲ್ಯೂಮಿನಿಯಮ್ಮಿನ ಫಲಕವನ್ನು ಓದಿರಿ. ಅದರ ಮೇಲೆ ಬಣ್ಣ ಬಳಿದಿದ್ದರೆ ಕೆರೆದಾದರೂ ಓದಿರಿ. ನೋಡಬೇಕಾದ ಮೊದಲ ಅಂಕಿ ಕೆ.ವಿ.ಎ. ಅಲ್ಲ, ಹರ್ಟ್ಸ್, ಹಳಬರು ಸೈಕಲ್ ಎನ್ನುತ್ತಿದ್ದುದು ಇದನ್ನೇ. ನಮ್ಮ ಮನೆಗಳಿಗೆ ಬರುವ ಕರೆಂಟು 50 ಹರ್ಟ್ಸಿನದು. ಅಮೆರಿಕದ ಮೂಲದ ಯಂತ್ರ 60 ಹರ್ಟ್ಸಿನದಾಗಿರಬಹುದು. ಅದನ್ನು ನಿಮಿಷಕ್ಕೆ 1800ರ ಬದಲು 1500 ಸುತ್ತು ಓಡುವಂತೆ ಇಳಿಸಿದರೆ 50 ಬರುತ್ತದೆ. ವೋಲ್ಟೇಜನ್ನು ಸರಿಪಡಿಸಬೇಕಾಗುತ್ತದೆ, ಶಕ್ತಿಯೂ ಆರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಆದರೆ ಸೈನ್ಯದಲ್ಲಿ 400 ಹರ್ಟ್ಸಿನ ಯಂತ್ರಗಳೂ ಉಂಟು. ವಿಮಾನ, ರೇಡಾರ್ ಮುಂತಾದುವಕ್ಕೆ ಹಗುರವಾದ ಟ್ರಾನ್ಸ್‌ಫಾರ್ಮರುಗಳು ಸಾಕಾಗಲೆಂದು ಈ ಏರ್ಪಾಡು. ಅದಕ್ಕೆ ನಮ್ಮ ಫ್ಯಾನನ್ನು ಜೋಡಿಸಿದರೆ ಗುಂಯ್‌ಗುಟ್ಟೀತೇ ಹೊರತು ಗಾಳಿ ಕೊಡದು, ಮೋಟಾರು ನೀರೆತ್ತದು. ಎಂಜಿನಿನ ವೇಗವನ್ನು ಇಳಿಸಿ ಸರಿಮಾಡುವಂಥ ದೋಷವೂ ಅದಲ್ಲ. ಮತ್ತೆ ಕೆಲವು ಯಂತ್ರಗಳು ವಿಮಾನದ ಎಂಜಿನನ್ನು ಸ್ಟಾರ್ಟ್ ಮಾಡುವುದಕ್ಕೆಂದೇ 28 ವೋಲ್ಟಿನ ಡಿ.ಸಿ. ಕರೆಂಟನ್ನು ಕೊಡುವಂಥವು. ಇವೆಲ್ಲ ಅಗ್ಗವಾಗಿ ಸಿಗುವುದಕ್ಕೆ ಕಾರಣವೇ ಇವು ಮನೆಗೆ ಬಾರದವೆಂಬುದು. ಫಲಕದ ಮೇಲೆ 50 ಹರ್ಟ್ಸ್, 1500 ಸುತ್ತು, 415 ವೋಲ್ಟ್, ಮೂರು ಫೇಸು ಎಂದಿದ್ದರೆ ಮುಂದುವರಿಯಬಹುದು.

ಆಮೇಲೆ ಕೆ.ವಿ.ಎ. ಲೆಕ್ಕ. 15 ಕೆ.ವಿ.ಎ. ಎಂದರೆ ಸಾಮಾನ್ಯವಾಗಿ 12 ಕಿಲೋವಾಟು. ನಮ್ಮ ಲಗ್ಗೆರೆಯ ಮಿತ್ರರ ಮನೆಯಲ್ಲಿ ಆರು ಫ್ಯಾನುಗಳಿಗೆ 450 ವಾಟು, ದೀಪಗಳಿಗೆ ಸುಮಾರು 100, ಫ್ರಿಜ್ಜಿಗೆ 200, ಟೆಲಿವಿಷನ್ನಿಗೆ 100, ಒಟ್ಟು 850. ಒಂದೂವರೆ ಅಶ್ವಶಕ್ತಿಯ ಬೋರ್‌ವೆಲ್ ಮೋಟಾರಿಗೆ 1.1 ಕಿಲೋವಾಟು, ಮೂರು ಅಶ್ವಶಕ್ತಿಯ ಲೇತಿಗೆ 2.2, ಡ್ರಿಲ್ಲಿಂಗಿಗೆ ಮುಕ್ಕಾಲು. ಎಲ್ಲ ಕೂಡಿದರೆ 5 ಕಿಲೋವಾಟಿನ ಸಮೀಪ. ಅಂದರೆ ಹಗಲಿನಲ್ಲಿ ಲೇತು ನಡೆಯುವಾಗ ಈ ಯಂತ್ರ ತನ್ನ ಶಕ್ತಿಯ ನೂರಕ್ಕೆ ನಲವತ್ತರಷ್ಟು ಹೊರೆ ಹೊರುತ್ತದೆ. ಇದು ಒಳ್ಳೆಯದೇ. ಮೋಟಾರುಗಳು ಹೊರಡುವಾಗ ಐದಾರು ಪಟ್ಟು ಕರೆಂಟು ಕೇಳುವುದರಿಂದ ಈ ಉಳಿಕೆ ಬೇಕಾದದ್ದೇ. ಎಲ್ಲವನ್ನೂ ಒಮ್ಮೆಗೇ ಹಾಕದೆ ಒಂದಾದಮೇಲೊಂದನ್ನು ಹಾಕಿದರೆ ಸರಿ.

ರಾತ್ರಿಯ ಮಾತು ಬೇರೆ. ಲೇತು ನಿಂತ ಮೇಲೆ ಫ್ಯಾನು, ದೀಪ, ಫ್ರಿಜ್ಜುಗಳ 850 ವಾಟಿಗೋಸ್ಕರ 12 ಕಿಲೋವಾಟಿನ ಎಂಜಿನನ್ನು ಓಡಿಸುವುದು ಕಬ್ಬಿನ ಗಾಡಿಗೆ ಕಟ್ಟುವ ಜೋಡೆತ್ತಿನಿಂದ ಒಂದು ಹೂವಿನ ಬುಟ್ಟಿ ಎಳೆಸಿದಂತೆ. ಎತ್ತಿಗಾದರೆ ಸುಖ, ಡೀಸೆಲ್ ಎಂಜಿನಿಗೆ ಅದೇ ಕಾಯಿಲೆ. ಹೊರೆ ಸಾಲದೆ ಸಿಲಿಂಡರ್ ಸಾಕಷ್ಟು ಬಿಸಿಯಾಗುವುದಿಲ್ಲ, ಎಣ್ಣೆ ಪೂರ್ತಿ ಉರಿಯುವುದಿಲ್ಲ. ಉರಿಯದೆ ಉಳಿದದ್ದು ಕಪ್ಪು ಜಿಡ್ಡಾಗಿ ಸೈಲೆನ್ಸರಿನಲ್ಲಿಯೂ ವಾಲ್ವುಗಳಲ್ಲಿಯೂ ಕಟ್ಟಿಕೊಳ್ಳುತ್ತದೆ. ನೂರಕ್ಕೆ ಮೂವತ್ತಕ್ಕಿಂತ ಕಡಿಮೆ ಹೊರೆಯಲ್ಲಿ ಬಹಳ ಹೊತ್ತು ಓಡಿಸಬಾರದೆಂಬುದು ಮೆಕ್ಯಾನಿಕ್ಕುಗಳ ಅನುಭವದ ಮಾತು. ಖರ್ಚನ್ನೂ ನೋಡಿರಿ. ಡೀಸೆಲ್ಲಿಗೆ ಲೀಟರಿಗೆ 90 ರೂಪಾಯಿ ಎಂದಿಟ್ಟುಕೊಂಡರೆ, ತಕ್ಕ ಹೊರೆಯಲ್ಲಿ ಲೀಟರಿಗೆ ಮೂರು ಯೂನಿಟ್ ಹುಟ್ಟುತ್ತದೆ. ಯೂನಿಟ್ಟಿಗೆ 30 ರೂಪಾಯಿ ಬಿತ್ತು, ಬೆಸ್ಕಾಂ ದರದ ನಾಲ್ಕೈದು ಪಟ್ಟು. ರಾತ್ರಿಯ ಹಗುರ ಹೊರೆಯಲ್ಲಾದರೋ ಇಷ್ಟು ದೊಡ್ಡ ಎಂಜಿನು ಸುಮ್ಮನೆ ತಿರುಗುವುದಕ್ಕೇ ಗಂಟೆಗೆ ಸುಮಾರು ಒಂದು ಲೀಟರು ಕುಡಿಯುವುದರಿಂದ ಯೂನಿಟ್ಟಿನ ಬೆಲೆ ನೂರು ರೂಪಾಯಿಯನ್ನು ದಾಟುತ್ತದೆ. ಆದುದರಿಂದ ರಾತ್ರಿಗೆ 150 ಆಂಪಿಯರ್-ಗಂಟೆಯ ಬ್ಯಾಟರಿಯುಳ್ಳ ಒಂದು ಇನ್ವರ್ಟರು ಸಾಕು. ಮೂರು ನಾಲ್ಕು ಫ್ಯಾನುಗಳೂ ದೀಪಗಳೂ ಕೆಲವು ಗಂಟೆ ನಿರಾತಂಕವಾಗಿ ನಡೆದಾವು. ವರ್ಕ್‌ಷಾಪಿಲ್ಲದ, ಬರಿಯ ಸಂಸಾರದ ಮನೆಗಾದರೆ ದಂಡಿನ ಜನರೇಟರು ಎಷ್ಟೇ ಅಗ್ಗವಾಗಿ ಬಂದರೂ ಬೇಡವೆಂದೇ ನನ್ನ ಖಚಿತವಾದ ಅಭಿಪ್ರಾಯ.

ಯಂತ್ರವನ್ನು ಪರೀಕ್ಷಿಸಲು ಹೋಗುವಾಗ ಹೇಳದೆ ಹೋಗಿರಿ. ಹೇಳಿ ಹೋದರೆ ವ್ಯಾಪಾರಿ ಮೊದಲೇ ಎಂಜಿನನ್ನು ಓಡಿಸಿ ಬಿಸಿಮಾಡಿಟ್ಟಿರುತ್ತಾನೆ. ಬಿಸಿಯಾದ ಎಂಜಿನು ಎಂಥ ಮುದುಕನಾದರೂ ಎದ್ದು ಕೂರುತ್ತದೆ. ಬ್ಲಾಕಿನ ಮೇಲೆ ಅಂಗೈಯಿಟ್ಟು, ತಣ್ಣಗಿದ್ದರೆ ಮಾತ್ರ ಸ್ಟಾರ್ಟ್ ಮಾಡಿಸಿರಿ. ಕಪ್ಪು ಹೊಗೆ ಬಂದರೆ ಇಂಜೆಕ್ಟರಿನ ಕೆಲಸ, ಅದು ದೊಡ್ಡ ಖರ್ಚಲ್ಲ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ರಿಂಗು ಸವೆದಿದೆ. ಬಿಳಿಯ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ನೀರು ಒಳಗೆ ಸೇರುತ್ತಿರಬಹುದು. ಆಯಿಲ್ ಕಡ್ಡಿಯನ್ನು ಎಳೆದು ನೋಡಿದಾಗ ಎಣ್ಣೆ ಹಾಲು ಬೆರೆಸಿದ ಕಾಫಿಯಂತಿದ್ದರೆ ಅದು ನಿಶ್ಚಯ. ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಸಿರಿ. ಅಲ್ಲಿಂದ ಬುಸುಬುಸು ಗಾಳಿ ಹೊರಟರೆ ಒಳಗಿನ ಸವೆತವನ್ನು ಬಾಯಿಬಿಟ್ಟು ಹೇಳಿದಂತೆ.

ಆಲ್ಟರ್ನೇಟರಿನ ಪರೀಕ್ಷೆಗೆ ಬಲ್ಲ ಎಲೆಕ್ಟ್ರಿಷಿಯನ್ ಒಬ್ಬನನ್ನು ಕರೆದೊಯ್ಯಬೇಕು. ವರ್ಷಗಟ್ಟಲೆ ಮಳೆ ಬಿಸಿಲಿಗೆ ಬಿದ್ದ ವೈಂಡಿಂಗು ತೇವ ಹೀರಿರುತ್ತದೆ. 500 ವೋಲ್ಟಿನ ಮೆಗ್ಗರಿನಿಂದ ನೋಡಿದಾಗ ಒಂದು ಮೆಗ್‌ಓಮಿಗಿಂತ ಕಡಿಮೆ ತೋರಿದರೆ ಒಣಗಿಸದೆ ಓಡಿಸಬಾರದು. ಎಂಜಿನು ಸೊಗಸಾಗಿ ಓಡಿದರೂ ಕರೆಂಟೇ ಬಾರದಿದ್ದರೆ ಎದೆಗುಂದಬೇಕಾಗಿಲ್ಲ. ಬಹುಕಾಲ ಸುಮ್ಮನಿದ್ದ ಯಂತ್ರ ತನ್ನಲ್ಲಿ ಉಳಿದಿದ್ದ ಕಾಂತಶಕ್ತಿಯನ್ನು ಕಳೆದುಕೊಂಡಿರಬಹುದು. ಬಲ್ಲವನು ಬ್ಯಾಟರಿಯಿಂದ ಕ್ಷಣಕಾಲ ಕರೆಂಟು ಹಾಯಿಸಿ ಅದನ್ನು ಎಬ್ಬಿಸುತ್ತಾನೆ. ಬೆಲೆ ಇಳಿಸುವುದಕ್ಕೆ ಅದೊಂದು ಒಳ್ಳೆಯ ನೆಪ. ಹಲವು ಸೇನಾ ಯಂತ್ರಗಳು 24 ವೋಲ್ಟಿನಿಂದ ಸ್ಟಾರ್ಟ್ ಆಗುವಂಥವು, ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಅವುಗಳಲ್ಲಿ ಒಂದರಿಂದ ಮಾತ್ರ ತಂತಿ ಎಳೆದು ಶೆಡ್ಡಿಗೆ ದೀಪ ಹಚ್ಚಿಕೊಂಡರೆ ಎರಡೂ ಬೇಗ ಹಾಳಾಗುತ್ತವೆ. ಬಿಡಿಭಾಗ ಸಿಗುವ ಎಂಜಿನೇ ಎಂದು ವಿಚಾರಿಸುವುದು ಉಳಿದೆಲ್ಲಕ್ಕಿಂತ ಮಿಗಿಲು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದ ಎಂಜಿನಾಗಿದ್ದರೆ ನಮ್ಮ ಯಾವ ಊರಿನಲ್ಲಿಯೂ ರಿಪೇರಿಗೆ ಕೊರತೆಯಿಲ್ಲ. ಹೆಸರು ಕೇಳದ ಪರದೇಶದ ಎಂಜಿನಾದರೆ ಒಂದು ವಾಷರಿಗೆ ಆರು ತಿಂಗಳು ಕಾಯಬೇಕಾದೀತು.

ತಂದ ಮೇಲೆ ಎಲ್ಲಿಡುವುದು? ಲಗ್ಗೆರೆಯ ಕಷ್ಟವೆಲ್ಲ ಇರುವುದು ಇಲ್ಲಿಯೇ. ಗೋಡೆಗೆ ಗೋಡೆ ತಾಗಿದ ಮನೆಗಳು. ಒಬ್ಬರ ಅಡಿಗೆಮನೆಯ ಕಿಟಕಿ ಇನ್ನೊಬ್ಬರ ಮಹಡಿ ಮೆಟ್ಟಿಲಿಗೆ ತೆರೆಯುತ್ತದೆ. ಸೈನ್ಯದವರು ಈ ಯಂತ್ರವನ್ನು ಬಯಲಿನಲ್ಲಿ ಓಡಿಸುತ್ತಾರೆ. ಹೊಗೆಗೆ ಆಕಾಶವೇ ದಾರಿ. ನಮ್ಮಲ್ಲಿ ಮೆಟ್ಟಿಲಡಿಯ ಗೂಡಿನಲ್ಲಿಯೋ ಷಟರು ಎಳೆದ ವರ್ಕ್‌ಷಾಪಿನೊಳಗೋ ಇಟ್ಟರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಮೇಲಿನ ಕೋಣೆಗೆ ಏರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ತಲೆನೋವೆಂದು ಭಾವಿಸಿ ಮಗ್ಗುಲಾಗುತ್ತಾರೆ. ಬೆಳಗಾದಾಗ ಏಳದೆ ಹೋಗಬಹುದು. ಹೊಗೆಯ ಕೊಳವೆಯನ್ನು ಕಟ್ಟಡದ ನೆತ್ತಿಗಿಂತ ಮೇಲಕ್ಕೆ ಒಯ್ಯಬೇಕು. ಎಷ್ಟು ಮೇಲಕ್ಕೆಂಬುದಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರವೇ ಇದೆ: ಕೆ.ವಿ.ಎ. ಸಂಖ್ಯೆಯ ವರ್ಗಮೂಲದ ಐದನೆಯ ಒಂದು ಪಾಲು, ಮೀಟರಿನಲ್ಲಿ. 15 ಕೆ.ವಿ.ಎ.ಗೆ ಮುಕ್ಕಾಲು ಮೀಟರಿಗಿಂತ ತುಸು ಹೆಚ್ಚಾಯಿತು. ಆ ಮುಕ್ಕಾಲು ಮೀಟರಿನ ತುದಿ ಪಕ್ಕದ ಮನೆಯ ಮೂರನೆಯ ಅಂತಸ್ತಿನ ಕಿಟಕಿಗೆ ನೇರವಾಗಿದ್ದರೆ ಸೂತ್ರ ಪಾಲಿಸಿದರೂ ಪಾಪ ತಪ್ಪದು. ಇನ್ನೆರಡು ಉದ್ದ ಕೊಳವೆ ಜೋಡಿಸಿರಿ.

ಶಬ್ದದ ಮಾತೂ ಹಾಗೆಯೇ. ಈಗಿನ ಹೊಸ ಜನರೇಟರುಗಳು ಮುಚ್ಚಿದ ಪೆಟ್ಟಿಗೆಯೊಳಗೆ ಬರುತ್ತವೆ, ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದೆಂಬ ಕಟ್ಟಳೆಯುಂಟು. 2023ರ ಜುಲೈ 1ರಿಂದ ಹೊಸ ಸೆಟ್ಟುಗಳ ಹೊಗೆಗೂ ಬಿಗಿಯಾದ ನಿಯಮ ಬಂದಿದೆ. ದಂಡಿನ ಹಳೆಯ ಯಂತ್ರಕ್ಕೆ ಈ ಸಂಕೋಚಗಳೊಂದೂ ತಿಳಿಯವು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರ ಮೇಲೆ 45 ಡೆಸಿಬಲ್ ಎಂಬುದು 2000ದ ಶಬ್ದಮಾಲಿನ್ಯ ನಿಯಮದ ಮಿತಿ. ಅಡಿಯಲ್ಲಿ ಗಟ್ಟಿ ಕಾಂಕ್ರೀಟು, ಅದರ ಮೇಲೆ ರಬ್ಬರು ಪ್ಯಾಡು, ಸುತ್ತ ಶಬ್ದ ಹೀರುವ ಹೊದಿಕೆಯ ಪೆಟ್ಟಿಗೆ, ಅದಕ್ಕೆ ಗಾಳಿ ಹೋಗಿಬರಲು ದಾರಿ. ಇಷ್ಟನ್ನೂ ಮಾಡಿಸಿದ ಮೇಲೆ ಅಗ್ಗದ ಯಂತ್ರ ಎಷ್ಟು ಅಗ್ಗವಾಗಿ ಉಳಿಯಿತೆಂಬುದನ್ನು ಕೊಳ್ಳುವ ಮೊದಲೇ ಕೂಡಿ ಕಳೆದು ನೋಡಬೇಕು.

ಇಲ್ಲಿಯವರೆಗಿನದು ಕೊಂಡವನ ಹಣದ ಮತ್ತು ಅವನ ಮನೆಯವರ ಜೀವದ ಮಾತಾಯಿತು. ಇನ್ನು ಮುಂದಿನದು ಮತ್ತೊಬ್ಬನ ಜೀವದ್ದು.

ಕರೆಂಟು ಹೋಗಿದೆ. ಬೀದಿಯ ಕೊನೆಯಲ್ಲಿ ಬೆಸ್ಕಾಮಿನ ಪವರ್‌ಮ್ಯಾನ್ ಕಂಬ ಹತ್ತಿದ್ದಾನೆ. ಅದೇ ವೇಳೆಗೆ ಇತ್ತ ಒಬ್ಬ ಗೃಹಸ್ಥ ಜನರೇಟರಿನ ತಂತಿಯನ್ನು ಒಂದು ಪ್ಲಗ್ಗಿನ ಮೂಲಕ ಮನೆಯ ಸಾಕೆಟ್ಟಿಗೇ ಸಿಕ್ಕಿಸಿ, ಮೇನ್ ಸ್ವಿಚ್ಚನ್ನು ತೆಗೆಯಲು ಮರೆತು, ಎಂಜಿನನ್ನು ಓಡಿಸುತ್ತಾನೆ. ಹೀಗೆ ಜೋಡಿಸುವವರು ಇದ್ದಾರೆ. ಖರ್ಚಿಲ್ಲದ ಉಪಾಯವೆಂದು ಇತರರಿಗೆ ಹೇಳಿಕೊಡುವವರೂ ಇದ್ದಾರೆ. ಆ ಕರೆಂಟು ಮನೆಯ ಫ್ಯಾನಿಗಷ್ಟೇ ಹೋಗದೆ ಮೀಟರನ್ನು ದಾಟಿ ಬೀದಿಗೆ ಇಳಿಯುತ್ತದೆ. ಬೀದಿಯ ಟ್ರಾನ್ಸ್‌ಫಾರ್ಮರು 11,000 ವೋಲ್ಟನ್ನು 433ಕ್ಕೆ ಇಳಿಸುವ ಯಂತ್ರ. ಅದಕ್ಕೆ ಹಿಂದುಮುಂದೆಂಬ ಭೇದವಿಲ್ಲ. ಕೆಳಗಿನಿಂದ ಕೊಟ್ಟರೆ ಮೇಲಕ್ಕೆ ಏರಿಸುತ್ತದೆ, ಇಪ್ಪತ್ತೈದು ಪಟ್ಟು. ಸತ್ತ ತಂತಿಯೆಂದು ಕೈಯಿಟ್ಟ ಪವರ್‌ಮ್ಯಾನಿಗೆ ಸಾವಿರಾರು ವೋಲ್ಟು ಎದುರಾಗುತ್ತದೆ. ತಂತಿ ಮುಟ್ಟುವ ಮುನ್ನ ಅದನ್ನು ಅರ್ತ್ ಮಾಡಬೇಕೆಂಬುದು ಅವನಿಗೂ ಪಾಠವೇ. ಆದರೆ ಮಳೆಯ ಸಂಜೆ, ಹತ್ತಾರು ದೂರು, ಕತ್ತಲೆ. ಅವನ ಎಚ್ಚರಿಕೆಯ ಮೇಲೆ ನಮ್ಮ ಉಪಾಯವನ್ನು ನಿಲ್ಲಿಸುವ ಹಕ್ಕು ನಮಗಿಲ್ಲ. ಮಾಳಿಗೆಯ ಮೇಲೆ ಸೌರ ಫಲಕ ಹಾಕಿಸಿ ಲೈನಿಗೆ ಜೋಡಿಸಿಕೊಂಡವರು, ಬಿಸಿಲಿದ್ದರೂ ಕರೆಂಟು ಹೋದಾಗ ಅದೇಕೆ ನಿಲ್ಲುತ್ತದೆಂದು ಬೇಸರಪಡುತ್ತಾರೆ. ಅದು ತಾನಾಗಿ ನಿಲ್ಲುವುದು ಈ ಕಂಬದ ಮೇಲಿನ ಮನುಷ್ಯನಿಗಾಗಿ.

ಪರಿಹಾರವೇನೂ ದುಬಾರಿಯಲ್ಲ. ಚೇಂಜ್‌ಓವರ್ ಸ್ವಿಚ್ ಒಂದು ಸಾಕು. ಹಿಡಿ ಒಂದು ಕಡೆಗಿದ್ದರೆ ಬೆಸ್ಕಾಂ, ಇನ್ನೊಂದು ಕಡೆಗಿದ್ದರೆ ಜನರೇಟರು, ನಡುವೆ ಎರಡೂ ಇಲ್ಲ; ಎರಡೂ ಒಮ್ಮೆಗೇ ಸೇರುವುದು ಅಸಾಧ್ಯ. ಮೂರು ಫೇಸಿನ ಮನೆಗೆ ನಾಲ್ಕು ಪೋಲಿನದನ್ನೇ ಹಾಕಿಸಬೇಕು, ಏಕೆಂದರೆ ನ್ಯೂಟ್ರಲ್ ಸಹ ಬದಲಾಗಬೇಕು. ಬಯಲಿನಲ್ಲಿ ಬಳಸಲು ಮಾಡಿದ ಸೇನಾ ಯಂತ್ರಗಳಲ್ಲಿ ನ್ಯೂಟ್ರಲ್ಲನ್ನು ಭೂಮಿಗೆ ಸೇರಿಸದೆ ಬಿಟ್ಟಿರುವುದುಂಟು. ಮನೆಗೆ ತಂದಾಗ ಅದನ್ನು ಬೇರೆ ಅರ್ತಿಂಗ್ ಗುಂಡಿಗೆ ಸೇರಿಸಬೇಕು. ಇಲ್ಲದಿದ್ದರೆ ಮೈಗೆ ಕರೆಂಟು ಹರಿದೊಡನೆ ಕಡಿಯಬೇಕಾದ ಆರ್.ಸಿ.ಸಿ.ಬಿ. ಕಡಿಯುವುದಿಲ್ಲ. ಯಂತ್ರದ ಮೈಗೆ ಎರಡು ಪ್ರತ್ಯೇಕ ಅರ್ತ್ ತಂತಿಗಳು ಬೇಕು. ಈ ಕೆಲಸವನ್ನು ಲೈಸೆನ್ಸ್ ಪಡೆದ ಎಲೆಕ್ಟ್ರಿಕಲ್ ಕಂಟ್ರಾಕ್ಟರಿಂದಲೇ ಮಾಡಿಸಿ, ಬೆಸ್ಕಾಂ ಉಪವಿಭಾಗಕ್ಕೂ ವಿದ್ಯುತ್ ಪರಿವೀಕ್ಷಣಾಲಯಕ್ಕೂ ಬರಹದಲ್ಲಿ ತಿಳಿಸಿ, ಅವರು ಹೇಳುವ ಅನುಮತಿಗಳನ್ನು ಪಡೆಯತಕ್ಕದ್ದು.

ಲಗ್ಗೆರೆಯ ಮಹನೀಯರಿಗೆ ನನ್ನ ಉತ್ತರವಿಷ್ಟು. ಕಾಗದ ಸರಿಯಿದ್ದು, ಫಲಕದಲ್ಲಿ 50 ಹರ್ಟ್ಸ್ ಇದ್ದು, ತಣ್ಣನೆಯ ಎಂಜಿನು ನೀಲಿ ಹೊಗೆಯಿಲ್ಲದೆ ಹೊರಟು, ಮನೆಯ ಹೊರಗೆ ಅದಕ್ಕೆ ಗಾಳಿಯಾಡುವ ಜಾಗವಿದ್ದರೆ ಲೇತಿಗಾಗಿ, ಹಗಲಿಗಾಗಿ ಕೊಳ್ಳಬಹುದು. ಇವುಗಳಲ್ಲಿ ಒಂದು ತಪ್ಪಿದರೂ ಬಿಡಿರಿ. ಜೋಡಣೆಯೆಲ್ಲ ಮುಗಿದ ದಿನ, ಕರೆಂಟು ಹೋಗಿರುವ ಹೊತ್ತಿನಲ್ಲಿ ಜನರೇಟರನ್ನು ಓಡಿಸಿ, ಕಂಟ್ರಾಕ್ಟರಿಂದ ಮೀಟರಿನ ಕಡೆಯ ತಂತಿಗಳಿಗೆ ಒಂದೊಂದಾಗಿ ಟೆಸ್ಟರ್ ಇಡಿಸಿರಿ. ಒಂದರಲ್ಲಿಯೂ ದೀಪ ಹೊತ್ತಕೂಡದು. ಹೊತ್ತಲಿಲ್ಲವೆಂದು ಕಣ್ಣಾರೆ ಕಂಡ ಮೇಲೆ ಅವರ ಬಿಲ್ಲನ್ನು ಪಾವತಿ ಮಾಡಿರಿ. “ಈ ಮನೆಯಲ್ಲಿ ಜನರೇಟರ್ ಇದೆ” ಎಂಬ ಒಂದು ಫಲಕವನ್ನು ಪವರ್‌ಮ್ಯಾನಿಗೆ ಕಾಣುವಂತೆ ಮೀಟರ್ ಬೋರ್ಡಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಿ ಹಾಕಿಸಿರಿ.